ಮೇಜಿಗಿಂತ ಮೊದಲು ಮಗುವಿನ ಕೈ ಅಳೆಯಿರಿ

ಮಕ್ಕಳ ಆಟ, ಆಟಿಕೆಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಮಡಿಕೇರಿಯ ಶಿಶುವಿಹಾರವೊಂದರ ಹಿರಿಯ ಶಿಕ್ಷಕಿ ಇಲ್ಲಿ ಉತ್ತರಿಸಿದ್ದಾರೆ. ಈ ಸಲದ ಪತ್ರಗಳೆಲ್ಲ ಆಟದ ರೈಲು ಮತ್ತು ಅದನ್ನು ಓಡಿಸುವ ಮೇಜಿನ ಕುರಿತು.

ಪ್ರಶ್ನೆ: ಮೇಡಂ, ನಮ್ಮದು ವಿರಾಜಪೇಟೆ ಹತ್ತಿರ ತೋಟದ ಮನೆ. ಮಗನಿಗೆ ಮೂರು ವರ್ಷ, ಮಗಳಿಗೆ ಒಂದೂವರೆ. ಮಗನಿಗೆ ರೈಲು ಅಂದ್ರೆ ಪ್ರಾಣ. ಮೇಜು, ಹಳಿ, ಸೇತುವೆ, ಮರ, ಗೊಂಬೆ ಎಲ್ಲಾ ಸೇರಿ ನೂರು ಪೀಸಿನ ಸೆಟ್ ಒಂದನ್ನು ಆನ್‌ಲೈನ್‌ನಲ್ಲಿ ನೋಡಿಟ್ಟಿದ್ದೇನೆ. ನಮ್ಮ ಯಜಮಾನರು "ಮೇಜನ್ನು ಆಚಾರಿ ಹತ್ತಿರಾನೇ ಮಾಡಿಸೋಣ" ಅಂತಾರೆ. ಯಾವುದು ಒಳ್ಳೇದು? ಅಳತೆ ಎಷ್ಟಿರಬೇಕು?

ಉತ್ತರ: ನಿಮ್ಮ ಯಜಮಾನರ ಮಾತೇ ಸರಿ. ಮೇಜನ್ನು ಆಚಾರಿ ಹತ್ತಿರ ಮಾಡಿಸಿ. ಹಳಿ ಮತ್ತು ರೈಲನ್ನು ಮಾತ್ರ ಕೊಂಡುಕೊಳ್ಳಿ.

ಆದರೆ ಆಚಾರಿಗೆ ಹೇಳಿ ಕಳಿಸುವ ಮೊದಲು ಒಂದು ಕೆಲಸ ಮಾಡಿ. ಮನೆಯ ಟೀಪಾಯಿಗೆ ಹೊಟ್ಟೆ ತಾಗುವ ಹಾಗೆ ಮಗನನ್ನು ನಿಲ್ಲಿಸಿ. ಅದರ ಮೇಲೆ ಅವನಿಗಿಷ್ಟದ ಕಾರೋ, ಬಿಸ್ಕತ್ತೋ ಇಟ್ಟು ಸ್ವಲ್ಪ ಸ್ವಲ್ಪ ದೂರ ಸರಿಸುತ್ತಾ ಹೋಗಿ. ಕಾಲು ನೆಲ ಬಿಡದೆ ಅವನ ಬೆರಳು ಎಲ್ಲಿಯವರೆಗೆ ಮುಟ್ಟುತ್ತದೆ ಅಂತ ಟೇಪ್ ಹಿಡಿದು ನೋಡಿ. ಮೂರು ವರ್ಷದ ಮಕ್ಕಳ ಕೈ ಬಗ್ಗಿದರೂ ಒಂದೂವರೆ ಅಡಿ ದಾಟುವುದು ಕಷ್ಟ. ಮೇಜಿನ ಅಗಲವನ್ನು ನಿಶ್ಚಯ ಮಾಡಬೇಕಾದ್ದು ಈ ಅಳತೆ. ಕೈಗೆ ಎಟುಕದ ಜಾಗದಲ್ಲಿ ರೈಲು ಬಿದ್ದರೆ ಮಗು ಏನು ಮಾಡುತ್ತೆ? ಮೇಜಿನ ಮೇಲೆ ಹತ್ತುತ್ತೆ. ನಮ್ಮಲ್ಲಿ ಮಕ್ಕಳು ಬಿದ್ದಿದ್ದೆಲ್ಲ ಹೀಗೇ, ಓಡಾಡುವಾಗ ಅಲ್ಲ.

ಹಾಗಾಗಿ ಮೇಜನ್ನು ಗೋಡೆಯ ಪಕ್ಕ ಇಡುವುದಾದರೆ ಅಗಲ ಒಂದೂವರೆ ಅಡಿ ಸಾಕು. ಕೋಣೆಯ ನಡುವೆ ಇಟ್ಟು ಎರಡೂ ಕಡೆಯಿಂದ ಆಡುವುದಾದರೆ ಎರಡು, ಎರಡೂವರೆ ಅಡಿ ಇರಬಹುದು. ನನ್ನನ್ನು ಕೇಳಿದರೆ ನಡುವೆ ಇಡುವ ಹಾಗೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಹಲಗೆ ಮಾಡಿಸಿ, ಎಂಟು ಅಡಿಗೆ ನಾಲ್ಕು ಅಡಿಯ ಪ್ಲೈವುಡ್ ಹಾಳೆಯಲ್ಲಿ ಕಾಲು ಭಾಗ. ಒಂದು ಹಾಳೆಯಲ್ಲಿ ನಾಲ್ಕು ಮೇಜಿನ ಹಲಗೆ ಬರುತ್ತದೆ, ಒಂದಿಷ್ಟೂ ಹಾಳಾಗುವುದಿಲ್ಲ. ಅಕ್ಕಪಕ್ಕದ ಮನೆಯಲ್ಲೂ ಪುಟ್ಟ ಮಕ್ಕಳಿದ್ದರೆ ಸೇರಿ ತಂದುಕೊಳ್ಳಬಹುದು.

ಅಷ್ಟು ಜಾಗ ಸಾಕಾಗುತ್ತಾ ಅಂತ ಕೇಳ್ತೀರಿ. ಸಾಮಾನ್ಯವಾಗಿ ಸಿಗುವ ಮರದ ಹಳಿಯಲ್ಲಿ ದೊಡ್ಡ ಬಾಗಿದ ತುಂಡು ಎಂಟು ಸೇರಿದರೆ ಒಂದು ವೃತ್ತ. ಆ ವೃತ್ತದ ಅಡ್ಡಗಲ ಹೊರ ಅಂಚಿನಿಂದ ಅಂಚಿಗೆ ಸುಮಾರು 44 ಸೆಂಟಿಮೀಟರ್. ಎರಡು ಅಡಿ ಅಂದರೆ 61. ವೃತ್ತವನ್ನು ನಡುವೆ ಇಟ್ಟರೆ ಎರಡೂ ಪಕ್ಕ ಒಂದೊಂದು ಅಂಗೈ ಅಗಲ ಜಾಗ ಉಳಿಯುತ್ತದೆ. ಸ್ಟೇಷನ್ ಅಲ್ಲೇ, ಮನೆ ಅಲ್ಲೇ, ಬಸ್ ಸ್ಟ್ಯಾಂಡ್ ಕೂಡ ಅಲ್ಲೇ. ಉದ್ದಕ್ಕೆ ನೇರ ಹಳಿ ಸೇರಿಸಿ ಮೊಟ್ಟೆಯಾಕಾರ ಮಾಡಿದರೂ ನಾಲ್ಕು ಅಡಿಯಲ್ಲಿ ಆರಾಮಾಗಿ ಹಿಡಿಯುತ್ತದೆ.

ಎತ್ತರದ ಬಗ್ಗೆ: ಮೇಜಿನ ಅಂಚು ಮಗುವಿನ ಹೊಕ್ಕುಳಿಗಿಂತ ನಾಲ್ಕು ಬೆರಳು ಕೆಳಗಿರಲಿ. ಮೂರು ವರ್ಷದವರಿಗೆ ಒಂದೂವರೆ ಅಡಿ ಆಸುಪಾಸು ಬರುತ್ತದೆ. ಕಾಲುಗಳನ್ನು ಮೊಳೆ ಹೊಡೆದು ಕೂರಿಸುವುದು ಬೇಡ, ಬೋಲ್ಟ್ ಹಾಕಿಸಿ. ಐದಾರು ವರ್ಷವಾದಾಗ ಉದ್ದದ ಕಾಲು ಜೋಡಿಸಿದರೆ ಅದೇ ಓದುವ ಮೇಜು.

ಈಗ ಮಳೆಯ ವಿಷಯ. ನಮ್ಮ ಊರಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ರೆಡಿಮೇಡ್ ಮೇಜುಗಳ ಹಲಗೆ ಹೆಚ್ಚಾಗಿ ಎಂಡಿಎಫ್, ಅಂದರೆ ಮರದ ನಾರಿಗೆ ಅಂಟು ಬೆರೆಸಿ ಒತ್ತಿದ್ದು. ನಮ್ಮ ಶಿಶುವಿಹಾರಕ್ಕೆ ಮೊದಲ ಸಲ ತಂದಿದ್ದು ಅಂಥದ್ದೇ. ಮೇಲೆ ನದಿ, ಬೆಟ್ಟ, ರಸ್ತೆ ಎಲ್ಲಾ ಅಚ್ಚು ಹಾಕಿತ್ತು, ನೋಡೋಕೆ ಚೆಂದ. ಜೂನ್‌ನಲ್ಲಿ ಕಿಟಕಿ ಪಕ್ಕ ಇಟ್ಟೆವು. ಆಗಸ್ಟ್ ಹೊತ್ತಿಗೆ ಒಂದು ಮೂಲೆ ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಉಬ್ಬಿತ್ತು. ಹಳಿಯನ್ನು ಎಷ್ಟು ಸಲ ಜೋಡಿಸಿದರೂ ಆ ಮೂಲೆಯಲ್ಲಿ ಬಿಟ್ಟುಕೊಳ್ಳುತ್ತಿತ್ತು. ಅಚ್ಚಿನ ಕಾಗದ ಮೇಲೆ ಎದ್ದು ನಿಂತಿತ್ತು, ಮಕ್ಕಳು ಅದನ್ನು ಉಗುರಿನಲ್ಲಿ ಕೀಳುವುದೇ ಆಟ ಮಾಡಿಕೊಂಡರು. ಒಂದು ದಿನ ಎರಡೂವರೆ ವರ್ಷದ ಮಗುವಿನ ಬಾಯಿಂದ ನೀಲಿ ಬಣ್ಣದ ಚೂರು ತೆಗೆದೆ. ಆ ಮೇಜನ್ನು ಅವತ್ತೇ ಹೊರಗೆ ಹಾಕಿಸಿದೆ.

ಆದ್ದರಿಂದ ಪ್ಲೈವುಡ್ ತೆಗೆದುಕೊಳ್ಳುವಾಗ ಹಾಳೆಯ ಮೇಲೆ ಹಾಕಿರುವ ನಂಬರ್ ಓದಿ. ಐಎಸ್ 710 ಅಂತ ಇದ್ದರೆ ಅದು ನೀರು ತಡೆಯುವ ಮರೈನ್ ಪ್ಲೈ. ಐಎಸ್ 303 ಅಂದರೆ ಮನೆಯೊಳಗಿನ ಮಾಮೂಲಿ ಬಳಕೆಯದ್ದು, ಅದರಲ್ಲೂ ಬಿಡಬ್ಲ್ಯುಆರ್ (ಕುದಿಯುವ ನೀರನ್ನೂ ತಾಳಿಕೊಳ್ಳುವ) ದರ್ಜೆ ಇದ್ದರೆ ಪರವಾಗಿಲ್ಲ. ಮೇಜನ್ನು ಗೋಡೆಯ ಪಕ್ಕ ಇಟ್ಟರೂ ನಾಲ್ಕು ಬೆರಳು ಬಿಟ್ಟೇ ಇಡಿ, ಇಲ್ಲದಿದ್ದರೆ ಹಿಂದಿನ ಅಂಚಿಗೆ ಬೂಷ್ಟು ಹಿಡಿಯುತ್ತದೆ. ಕಾಲಿಗೆ ತೋಟದ ಸಿಲ್ವರ್ ಓಕ್ ಅಥವಾ ಹಲಸು ಹಾಕಿಸಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಚೆನ್ನಾಗಿ ಒಣಗಿದ್ದರೆ ಖಂಡಿತ ಹಾಕಿಸಿ. ಹಸಿ ಮರ ಮಾತ್ರ ಬೇಡ, ಒಣಗುತ್ತಾ ತಿರುಚಿಕೊಳ್ಳುತ್ತದೆ, ಸೀಳು ಬಿಡುತ್ತದೆ. ಮೇಜು ಅಲುಗಾಡಲು ಒಂದು ಕಾಲು ತಿರುಚಿದರೆ ಸಾಕಲ್ವಾ?

ಅಂಚುಗಳನ್ನು ಗುಂಡಗೆ ಮಾಡಿಸಿ, ಉಪ್ಪುಕಾಗದ ಹಾಕಿಸಿ. ಆಮೇಲೆ ನಿಮ್ಮ ಸ್ವಂತ ಕೆನ್ನೆಯನ್ನು ಅಂಚಿನ ಮೇಲೆ ಸವರಿ ನೋಡಿ. ಕೈಗೆ ಗೊತ್ತಾಗದ ಸಿಬರು ಕೆನ್ನೆಗೆ ಗೊತ್ತಾಗುತ್ತದೆ. ರೈಲು ಕೆಳಗೆ ಉರುಳದಂತೆ ಸುತ್ತ ಒಂದು ಇಂಚು ಎತ್ತರದ ಪಟ್ಟಿ ಸಾಕು. ಅದಕ್ಕಿಂತ ಎತ್ತರವಾದರೆ ಮಗುವಿನ ಮೊಣಕೈ ಒತ್ತುತ್ತದೆ. ಬಣ್ಣ ಹಚ್ಚುವುದಾದರೆ ಗೇಟಿಗೆ ಬಳಿದು ಉಳಿದ ಹಳೇ ಡಬ್ಬಿಯ ಬಣ್ಣ ದಯವಿಟ್ಟು ಬೇಡ. ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದು ಅಂತ ನಿಯಮ ಆಗಿದ್ದೇ 2016ರಲ್ಲಿ. ಹಳೇ ಡಬ್ಬಿಯಲ್ಲಿ ಏನಿದೆಯೋ ಹೇಳೋಕಾಗಲ್ಲ.

ಹಲಗೆಯ ಮೇಲೆ ಊರು, ನದಿ ಬರೆಸಬೇಡಿ. ಹಳಿಯನ್ನು ಮೊಳೆ ಹೊಡೆದೋ ಫೆವಿಕಾಲ್ ಹಾಕಿಯೋ ಕೂರಿಸಬೇಡಿ. ಈ ವಿಷಯದಲ್ಲಿ ನಾನು ಹಠ ಮಾಡುತ್ತೇನೆ. ಹಳಿ ಜೋಡಿಸುವುದು, ಅದು ಕೂಡದೆ ಹೋಗುವುದು, ಕಿತ್ತು ಇನ್ನೊಂದು ತರ ಇಡುವುದು, ಮೂರು ವರ್ಷದ ಮಗುವಿಗೆ ಆಟ ಅಂದರೆ ಅದೇ. ರೈಲು ಓಡುವುದು ಕೊನೆಯ ಎರಡು ನಿಮಿಷ ಮಾತ್ರ. ನೂರು ಪೀಸು ಒಟ್ಟಿಗೆ ಸುರಿದರೆ ಆ ಜೋಡಣೆಯೇ ಆಗುವುದಿಲ್ಲ, ಬರೀ ಹರಡುವುದಾಗುತ್ತದೆ. ಹದಿನಾರು ಇಪ್ಪತ್ತು ಹಳಿ, ಒಂದು ಇಂಜಿನ್, ಮೂರು ಡಬ್ಬಿ, ಒಂದು ಸೇತುವೆಯಿಂದ ಶುರು ಮಾಡಿ. ಉಳಿದದ್ದನ್ನು ಹುಟ್ಟುಹಬ್ಬಕ್ಕೆ ಯಾರಾದರೂ ಏನು ತರಲಿ ಅಂತ ಕೇಳಿದಾಗ ಹೇಳಿ.

ಇನ್ನು ನಿಮ್ಮ ಮಗಳು. ಮೇಜು ಅಣ್ಣನಿಗಾದರೂ ಅದರ ಮೇಲಿರುವುದು ಅವಳ ಬಾಯಿಗೂ ಎಟುಕುತ್ತದೆ. ಆಟಿಕೆ ಪರೀಕ್ಷೆ ಮಾಡುವವರು 31.7 ಮಿಲಿಮೀಟರ್ ಅಗಲದ ಒಂದು ಕೊಳವೆ ಇಟ್ಟುಕೊಂಡಿರುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ತುಂಡು ಮೂರು ವರ್ಷದೊಳಗಿನ ಮಗುವಿನ ಕೈಗೆ ಸಿಗಬಾರದು. ಮನೆಯಲ್ಲಿ ಟಿಶ್ಯೂ ರೋಲ್‌ನ ಒಳಗಿನ ರಟ್ಟಿನ ಕೊಳವೆ ಬಳಸಿ, ಅದು ಇನ್ನೂ ಸ್ವಲ್ಪ ಅಗಲ ಇರುವುದರಿಂದ ಒಳ್ಳೇದೇ. ಗೊಂಬೆ ಮನುಷ್ಯರು, ಸಿಗ್ನಲ್ ಕಂಬ, ಪುಟ್ಟ ಮರ, ಇವೆಲ್ಲ ಅದರಲ್ಲಿ ಇಳಿದುಬಿಡುತ್ತವೆ. ಎತ್ತಿಡಿ.

ತೋಟದ ಮನೆಯವರಿಗೆ ಇನ್ನೊಂದು ಮಾತು. ಕೊಯ್ಲಿನ ಸಮಯದಲ್ಲಿ ಕಣದ ತುಂಬ ಕಾಫಿ ಹರಡಿರುತ್ತದೆ. ಮಕ್ಕಳು ಗೂಡ್ಸ್ ಡಬ್ಬಿಗೆ ಕಾಫಿ ಬೀಜ, ಕರಿಮೆಣಸು ತುಂಬಿಯೇ ತುಂಬುತ್ತಾರೆ. ನೋಡೋಕೆ ಖುಷಿಯೇ. ಆದರೆ ಕಾಫಿ ಬೀಜ ಮೂಗಿಗೂ ಹೋಗುತ್ತದೆ, ಶ್ವಾಸನಾಳಕ್ಕೂ ಹೋಗುತ್ತದೆ. ಹಳೇ ಬಟ್ಟೆಯಲ್ಲಿ ಹತ್ತಿ ತುಂಬಿ ನಿಂಬೆಹಣ್ಣಿನ ಗಾತ್ರದ ನಾಲ್ಕೈದು ಚೀಲ ಹೊಲಿದುಕೊಡಿ. ನಮ್ಮ ಮಕ್ಕಳು ಅವನ್ನು "ಕಾಫಿ ಮೂಟೆ" ಅಂತಲೇ ಕರೆಯುತ್ತಾರೆ, ಇಳಿಸುವಾಗ "ಉಫ್, ಭಾರ" ಅನ್ನುತ್ತಾರೆ.

ಪ್ರಶ್ನೆ: ಕುಶಾಲನಗರದಿಂದ ಬರೆಯುತ್ತಿದ್ದೇನೆ. ಬ್ಯಾಟರಿ ರೈಲು ತರಲಾ, ಕೈಯಲ್ಲಿ ತಳ್ಳುವ ಮರದ ರೈಲು ತರಲಾ? ಒಂದು ಕಂಪನಿಯ ಹಳಿಗೆ ಇನ್ನೊಂದರ ರೈಲು ಹೊಂದುತ್ತದೆಯೇ? ಚನ್ನಪಟ್ಟಣದ್ದು ಆಗುತ್ತದೆಯೇ? ಮಗನಿಗೆ ಈಗ ಮೂರೂವರೆ.

ಉತ್ತರ: ನಾಲ್ಕು ವರ್ಷದವರೆಗೆ ತಳ್ಳುವ ರೈಲೇ ಸರಿ. ಬ್ಯಾಟರಿ ಇಂಜಿನ್ ತಾನೇ ಓಡುತ್ತದೆ, ಮಗು ನೋಡುತ್ತಾ ನಿಲ್ಲುತ್ತದೆ. ತಳ್ಳುವಾಗ "ಚುಕ್‌ಬುಕ್" ಅನ್ನುವುದು, ತಿರುವಿನಲ್ಲಿ ನಿಧಾನ ಮಾಡುವುದು ಮಗುವಿನದ್ದೇ ಕೆಲಸ. ಆಮೇಲೆ ಬ್ಯಾಟರಿಯದ್ದು ತಂದರೂ ಸೆಲ್ ಹಾಕುವ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ಗುಂಡಿಯಂತಿರುವ ಬಟನ್ ಸೆಲ್ ಇರುವ ಆಟಿಕೆ ಮನೆಗೇ ಬೇಡ. ಅದನ್ನು ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳ ಸುಡಲು ಶುರುವಾಗುತ್ತದೆ. ನುಂಗಿರಬಹುದು ಅಂತ ಅನುಮಾನ ಬಂದರೂ ಸಾಕು, ಕಾಯದೆ, ವಾಂತಿ ಮಾಡಿಸದೆ, ನೇರ ಆಸ್ಪತ್ರೆಗೆ ಹೋಗಿ.

ಆಯಸ್ಕಾಂತದ ವಿಷಯವೂ ಹಾಗೇ. ಮರದ ಡಬ್ಬಿಗಳು ಒಂದಕ್ಕೊಂದು ಅಂಟಿಕೊಳ್ಳುವುದು ಎರಡು ತುದಿಯ ಆಯಸ್ಕಾಂತದಿಂದ. ಎರಡು ಆಯಸ್ಕಾಂತ ಹೊಟ್ಟೆ ಸೇರಿದರೆ ಕರುಳಿನ ಎರಡು ಮಡಿಕೆಯನ್ನು ನಡುವೆ ಸಿಕ್ಕಿಸಿಕೊಂಡು ಹಿಡಿಯುತ್ತವೆ, ಕರುಳು ತೂತಾಗುತ್ತದೆ. ತಿಂಗಳಿಗೊಮ್ಮೆ ಪ್ರತಿ ಡಬ್ಬಿಯ ತುದಿಯನ್ನು ಎಳೆದು, ತಿರುಗಿಸಿ ನೋಡಿ. ಸಡಿಲವಾಗಿದ್ದರೆ ಅಂಟು ಹಾಕಿ ಸರಿಮಾಡಲು ಹೋಗಬೇಡಿ, ಎಸೆದುಬಿಡಿ.

ಹಳಿಯ ಪ್ರಶ್ನೆಗೆ: ಸ್ವೀಡನ್ನಿನ ಬ್ರಿಯೋ ಕಂಪನಿ 1958ರಲ್ಲಿ ಮರದ ರೈಲು ತಂದಿತು. ಚಕ್ರ ಕೂರಲು ಎರಡು ತೋಡು ಇರುವ, ನಾಲ್ಕು ಸೆಂಟಿಮೀಟರ್ ಅಗಲದ ಅದೇ ಹಳಿಯನ್ನು ಬೇರೆ ಬೇರೆ ಕಂಪನಿಗಳು ಹೆಚ್ಚುಕಡಿಮೆ ಹಾಗೇ ಅನುಸರಿಸಿವೆ. ಆದ್ದರಿಂದ ಹೆಚ್ಚಿನವು ಹೊಂದುತ್ತವೆ. ಹಳಿ ಸೇರುವ ಗುಬಟು ಮಾತ್ರ ಒಂದೊಂದರಲ್ಲಿ ಒಂದೊಂದು ಬಿಗಿ. ಅಂಗಡಿಗೆ ಹೋಗುವಾಗ ಮನೆಯ ಒಂದು ಹಳಿ ಚೀಲದಲ್ಲಿ ಹಾಕಿಕೊಂಡು ಹೋಗಿ, ಅಲ್ಲೇ ಜೋಡಿಸಿ ನೋಡಿ. ಪ್ಲಾಸ್ಟಿಕ್ ಹಳಿಯ ಲೆಕ್ಕವೇ ಬೇರೆ, ಬೆರೆಸಲು ಹೋಗಬೇಡಿ.

ಚನ್ನಪಟ್ಟಣದ ರೈಲು ಈ ಹಳಿಯ ಮೇಲೆ ಓಡುವುದಿಲ್ಲ, ಚಕ್ರವೇ ಬೇರೆ. ಆದರೂ ತನ್ನಿ! ಹಗುರವಾದ ಹಾಲೆ ಮರ, ಅರಗಿನ ಬಣ್ಣ, ಪುಟ್ಟ ಕೈಯ ಹಿಡಿತಕ್ಕೆ ಸರಿಯಾದ ದುಂಡು ಡಬ್ಬಿ. ಹಳಿಯೇ ಇಲ್ಲದೆ ನೆಲದ ಮೇಲೆ ಎಳೆದಾಡಲು ಎರಡು ವರ್ಷದವರಿಗೆ ಅದಕ್ಕಿಂತ ಒಳ್ಳೆಯ ರೈಲು ನಾನು ನೋಡಿಲ್ಲ. ಕಾರ್ಖಾನೆಯ ಆಟಿಕೆ ಕೊಳ್ಳುವಾಗ ಐಎಸ್‌ಐ ಗುರುತು ನೋಡಿ, 2021ರ ಜನವರಿಯಿಂದ ಅದು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳು ಕೈಯಿಂದ ಮಾಡಿದ್ದಕ್ಕೆ ವಿನಾಯಿತಿ ಇದೆ. ಹಾಗಾಗಿ ಚನ್ನಪಟ್ಟಣದ್ದರಲ್ಲಿ ಆ ಗುರುತು ಕಾಣದಿದ್ದರೆ ಗಾಬರಿ ಬೇಡ.

ಪ್ರಶ್ನೆ: ಐದು ವರ್ಷದ ಮಗಳಿಗೆ ರೈಲಿನ ಮೇಜು ಮಾಡಿಸುತ್ತೇವೆ ಅಂದಾಗ ಮನೆಯಲ್ಲಿ ಹಿರಿಯರು "ಅದು ಗಂಡುಮಕ್ಕಳ ಆಟ, ಅಡುಗೆ ಸೆಟ್ ತನ್ನಿ" ಅಂದರು. (ಪೊನ್ನಂಪೇಟೆ)

ಉತ್ತರ: ಮಾಡಿಸಿ. ಸುರೇಖಾ ಯಾದವ್ ಭಾರತದ ಮೊದಲ ಮಹಿಳಾ ರೈಲು ಚಾಲಕಿ. 2023ರಲ್ಲಿ ವಂದೇ ಭಾರತ್ ರೈಲನ್ನೂ ಓಡಿಸಿದರು. ಹಿರಿಯರಿಗೆ ಅವರ ಫೋಟೋ ತೋರಿಸಿ. ಅಡುಗೆ ಸೆಟ್ಟನ್ನೂ ತನ್ನಿ, ಸ್ಟೇಷನ್ನಿನಲ್ಲಿ ಕಾಫಿ ಮಾರೋಕೆ ಬೇಕಾಗುತ್ತದೆ. ಐದು ವರ್ಷ ಅಂದರೆ ಮೇಜಿನ ಎತ್ತರ ಎರಡು ಇಂಚು ಜಾಸ್ತಿ ಇಡಿಸಿ.

ಪ್ರಶ್ನೆ: ನಾನು ಸೋಮವಾರಪೇಟೆ ಕಡೆಯ ಅಜ್ಜಿ. ಮೊಮ್ಮಗನಿಗೆ ನಾಲ್ಕು ವರ್ಷ. ನಮ್ಮ ಜಿಲ್ಲೆಯಲ್ಲಿ ರೈಲೇ ಇಲ್ಲ, ಅವನು ಇನ್ನೂ ನೋಡಿಯೇ ಇಲ್ಲ. ಮಗ ಬೆಂಗಳೂರಿನಿಂದ ರೈಲಿನ ಸೆಟ್ ಕಳಿಸುತ್ತೇನೆ ಅನ್ನುತ್ತಾನೆ. ನೋಡದೇ ಇರುವ ವಸ್ತುವಿನ ಜೊತೆ ಮಗು ಏನು ಆಡುತ್ತದಮ್ಮ? ದುಡ್ಡು ದಂಡ ಆಗುತ್ತಾ?

ಉತ್ತರ: ಅಜ್ಜಿ, ನೀವು ಕೇಳಿದ್ದು ತುಂಬಾ ಒಳ್ಳೆಯ ಪ್ರಶ್ನೆ. ನಮ್ಮ ಶಿಶುವಿಹಾರಕ್ಕೆ ಬರುವ ಅರ್ಧ ಮಕ್ಕಳೂ ಹೀಗೇ.

ದುಡ್ಡು ದಂಡ ಆಗಲ್ಲ. ಮೊದಮೊದಲು ಅವನು ರೈಲನ್ನು ಬಸ್ಸಿನ ಹಾಗೆ ಆಡಿಸುತ್ತಾನೆ. ಆಡಿಸಲಿ ಬಿಡಿ, ತಿದ್ದಬೇಡಿ. ಮಗ ಸೆಟ್ ಕಳಿಸಿದರೂ ಮೇಜಿಗೆ ಅವಸರ ಬೇಡ. ಒಂದೆರಡು ತಿಂಗಳು ಚಾಪೆಯ ಮೇಲೆ ಆಡಲಿ, ಮಳೆಗಾಲದಲ್ಲಿ ನೆಲ ತಣ್ಣಗಾದಾಗ ಮೇಜು ಮಾಡಿಸಿದರಾಯಿತು. ನಿಮಗೂ ಕೆಳಗೆ ಕೂತು ಏಳುವ ಕಷ್ಟ ತಪ್ಪುತ್ತದೆ, ಕುರ್ಚಿ ಹಾಕಿಕೊಂಡು ಜೊತೆಗೆ ಆಡಬಹುದು.

ಸಾಧ್ಯವಾದರೆ ಒಮ್ಮೆ ಮೈಸೂರಿಗೆ ಕರೆದುಕೊಂಡು ಹೋಗಿ. ಅಲ್ಲಿ 1979ರಿಂದ ರೈಲು ವಸ್ತುಸಂಗ್ರಹಾಲಯ ಇದೆ, ಸ್ಟೇಷನ್ ಹತ್ತಿರವೇ. ಹಳೇ ಉಗಿ ಇಂಜಿನ್ನುಗಳನ್ನು ಪಕ್ಕದಲ್ಲೇ ನಿಂತು ನೋಡಬಹುದು. ಆಮೇಲೆ ಸ್ಟೇಷನ್ನಿಗೆ ಹೋಗಿ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು ಅರ್ಧ ಗಂಟೆ ಸುಮ್ನೆ ಕೂತುಕೊಳ್ಳಿ. ಓಡುವ ರೈಲು, ಅದರ ಸದ್ದು, ಕಾಲ ಕೆಳಗೆ ನೆಲ ನಡುಗುವುದು, ಇವು ಮ್ಯೂಸಿಯಂನಲ್ಲಿ ಸಿಗುವುದಿಲ್ಲ.

ನಮ್ಮಲ್ಲಿ ನಾಲ್ಕು ವರ್ಷದ ಒಬ್ಬ ಹುಡುಗ ಇದ್ದ. ಅವನ ರೈಲು ಮೇಜಿನ ಮೇಲೆ ಪ್ರತಿ ಮನೆಯ ಮುಂದೆ ನಿಲ್ಲುತ್ತಿತ್ತು. ಜನ ಹತ್ತಿದ ಮೇಲೆ ಇಂಜಿನ್ನಿನ ಬೆನ್ನಿಗೆ ಎರಡು ಸಲ ತಟ್ಟಿ "ರೈಟ್, ರೈಟ್" ಅನ್ನುತ್ತಿದ್ದ. ಒಂದು ಭಾನುವಾರ ಅಪ್ಪನ ಜೊತೆ ಕಾರಿನಲ್ಲಿ ಮೈಸೂರಿಗೆ ಹೋಗಿ ಬಂದ. ಸೋಮವಾರ ಬೆಳಿಗ್ಗೆ ಬಂದವನೇ ಚೀಲ ಕೂಡ ಇಳಿಸದೆ ಮೇಜಿನ ಹತ್ತಿರ ಹೋದ. ಹಳಿಯ ಎರಡೂ ಪಕ್ಕಕ್ಕೆ ಒಂದೊಂದು ಪೆನ್ಸಿಲ್ ಅಡ್ಡ ಇಟ್ಟ. ಡಬ್ಬಿಯಲ್ಲಿದ್ದ ಕಾರುಗಳನ್ನೆಲ್ಲ ತಂದು ಪೆನ್ಸಿಲ್ ಹಿಂದೆ ಸಾಲಾಗಿ ನಿಲ್ಲಿಸಿದ. ಪಕ್ಕದ ಹುಡುಗಿ ತನ್ನ ಕಾರನ್ನು ಮುಂದೆ ದೂಡಲು ಹೋದಾಗ ಅವಳ ಕೈ ಹಿಡಿದು, "ಇರು, ರೈಲು ಬರ್ತಾ ಇದೆ" ಅಂದ.