ಎಆರ್‌ಡಿಎಸ್ ಆದವರಲ್ಲಿ ಶ್ವಾಸಕೋಶದ ರಕ್ತದೊತ್ತಡ ಏಕೆ ಏರುತ್ತದೆ?

ಮುಖ್ಯವಾಗಿ ಶ್ವಾಸಕೋಶದ ಸಣ್ಣ ರಕ್ತನಾಳಗಳು ಬಿಗಿಯುವುದರಿಂದ. ಎಆರ್‌ಡಿಎಸ್ ಎಂದರೆ ಉರಿಯೂತದಿಂದ ಗಾಳಿಗೂಡುಗಳಲ್ಲಿ ನೀರು ತುಂಬಿ ಉಸಿರಾಟ ಕುಸಿಯುವ ಸ್ಥಿತಿ. ಆಮ್ಲಜನಕ ತಲುಪದ ಕಡೆ ರಕ್ತ ಹರಿಯದಂತೆ ದೇಹವೇ ನಾಳಗಳನ್ನು ಬಿಗಿಹಿಡಿಯುತ್ತದೆ. ಒಂದು ಮೂಲೆಯಲ್ಲಾದರೆ ಇದು ಉಪಕಾರವೇ. ಎರಡೂ ಶ್ವಾಸಕೋಶಗಳಲ್ಲಿ ವ್ಯಾಪಿಸಿದರೆ ಒತ್ತಡ ಏರುತ್ತದೆ. ಸಣ್ಣ ಹೆಪ್ಪುಗಳು, ಹೆಚ್ಚಿದ ಕಾರ್ಬನ್ ಡೈಆಕ್ಸೈಡ್, ವೆಂಟಿಲೇಟರಿನ ಅತಿ ಒತ್ತಡವೂ ಸೇರಿಕೊಳ್ಳುತ್ತವೆ.

ಪೆಟ್ಟು ಬೀಳುವುದು ಹೃದಯದ ಬಲ ಕೆಳಕೋಣೆಗೆ. ಅದರ ಗೋಡೆ ಬರೀ 3–5 ಮಿ.ಮೀ. ದಪ್ಪ, ದಿಢೀರ್ ಹೊರೆಗೆ ಹಿಗ್ಗಿ ಎಡಕೋಣೆಯನ್ನು ಅಮುಕುತ್ತದೆ, ಬಿಪಿ ಇಳಿಯುತ್ತದೆ. ಆಗ ಸಲೈನ್ ಸುರಿದರೆ ಇನ್ನಷ್ಟು ಹಿಗ್ಗಬಹುದು, ಮೊದಲು ಎಕೋ (ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್) ನೋಡಲೇಬೇಕು. ವೆಂಟಿಲೇಟರಿನ ಪ್ರತಿ ಉಸಿರು ಎತ್ತರಕ್ಕೆ ತಕ್ಕ ತೂಕದ ಕೆಜಿಗೆ ಸುಮಾರು 6 ಮಿ.ಲೀ. ಇರಲಿ. ತೀವ್ರವಿದ್ದರೆ ದಿನಕ್ಕೆ 16 ಗಂಟೆಯಾದರೂ ಬೋರಲು ಮಲಗಿಸುವುದು ಬಲಕೋಣೆಯ ಹೊರೆಯನ್ನೂ ಇಳಿಸುತ್ತದೆ.