ಪುಸ್ತಕ ಹಿಡಿದ್ರೆ ಕೈ ಮೊಬೈಲ್ ಕಡೆಗೇ ಹೋಗುತ್ತೆ

ಪ್ರಶ್ನೆ: ಮೇಡಂ, ಎರಡು ಸಲ ಎಫ್‌ಡಿಎ ಎಕ್ಸಾಂ ಬರೆದೆ, ಆಗ್ಲಿಲ್ಲ. ಈಗ ಓದೋಕೆ ಕೂತ್ರೆ ಹತ್ತು ನಿಮಿಷಕ್ಕೇ ಕೈ ಮೊಬೈಲ್‌ಗೆ ಹೋಗುತ್ತೆ. ಏನ್ ಮಾಡ್ಲಿ?
– ಓದುಗರು, ದಾವಣಗೆರೆ

ಉತ್ತರ: ಎರಡು ಸಲ ಆಗ್ದೇ ಇದ್ರೂ ಮತ್ತೆ ಪುಸ್ತಕ ತೆಗ್ದಿದೀರಲ್ಲಮ್ಮ, ಗಟ್ಟಿತನ ಅಂದ್ರೆ ಅದೇ, ನಿಮ್ಮನ್ನ ನೀವೇ ಬೈಕೊಬೇಡಿ. 1980ರ ದಶಕದ ಕೊನೇಲಿ ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ ಅನ್ನೋ ಸ್ಟೂಡೆಂಟ್‌ಗೂ ಇದೇ ಪಾಡು, ಅಡುಗೆಮನೆಯ ಟೊಮೆಟೊ ಆಕಾರದ ಟೈಮರ್ ಇಟ್ಕೊಂಡು ಓದೋಕೆ ಶುರು ಮಾಡಿದ್ರು, ಅದೇ ಮುಂದೆ 25 ನಿಮಿಷ ಕೆಲಸ, 5 ನಿಮಿಷ ಬಿಡುವು ಅನ್ನೋ ಪೊಮೊಡೊರೊ ಪದ್ಧತಿ ಆಯ್ತು. ಆದ್ರೆ ಟೈಮರ್ ಮೊಬೈಲ್‌ನಲ್ಲಿ ಬೇಡ, ಅಲಾರಾಂ ಗಡಿಯಾರ ಇಟ್ಕೊಳ್ಳಿ, ಫೋನು ಪಕ್ಕದ ರೂಮಿನ ಬೀರು ಒಳಗಿರ್ಲಿ. ಮಧ್ಯೆ ಹಾಲಿನ ದುಡ್ಡು, ಕರೆಂಟ್ ಬಿಲ್ಲು ನೆನಪಾದ್ರೆ ಚೀಟಿ ಮೇಲೆ ಗೀಚಿ ಮತ್ತೆ ಪುಟಕ್ಕೆ ಬನ್ನಿ. ಬಿಡುವಲ್ಲಿ ರೀಲ್ಸ್ ಬೇಡ್ವೇ ಬೇಡ, ನೀರು ಕುಡ್ದು ಅಂಗಳದಲ್ಲಿ ಓಡಾಡಿ. ಮೊದಲ ವಾರ ದಿನಕ್ಕೆ ನಾಲ್ಕು ಸುತ್ತು ಸಾಕು.