ಜ್ಞಾನೋಕ್ತಿ ಅಂದ್ರೆ ಗ್ಯಾರಂಟಿ ಕಾರ್ಡ್ ಅಲ್ಲ ಸ್ವಾಮಿ

ಬೈಬಲಿನ ಜ್ಞಾನೋಕ್ತಿ ಪುಸ್ತಕದ ಬಗ್ಗೆ ಈ ಸಲವೂ ಅದೇ ಪ್ರಶ್ನೆ, ಊರು ಮಾತ್ರ ಬೇರೆ. ಹಿಂದೆ ಪಿಂಪ್ರಿಯಿಂದ ಬಂದಿತ್ತು, ಅದಕ್ಕೂ ಮೊದಲು ವಾಸ್ಕೋದಿಂದ, ಈಗ ಡೊಂಬಿವಲಿ. ಹಾಗಾಗಿ ಒಮ್ಮೆ ಉದ್ದಕ್ಕೇ ಹೇಳಿಬಿಡ್ತೀನಿ, ಯಾರಿಗಾದ್ರೂ ಬೇಜಾರಾದ್ರೆ ಆಗ್ಲಿ.

ಪ್ರಶ್ನೆ: ಸ್ಟೇಷನ್ ಹತ್ರ ಸಣ್ಣ ಟಿಫಿನ್ ಸೆಂಟರ್ ನಡೆಸ್ತೀನಿ. ದಶಮಾಂಶ, ಅಂದ್ರೆ ದುಡಿದಿದ್ರಲ್ಲಿ ಹತ್ತನೇ ಒಂದು ಪಾಲು ದೇವರಿಗೆ ಕೊಡೋದು, ಒಂದು ತಿಂಗಳೂ ತಪ್ಪಿಸಿಲ್ಲ, ಆದ್ರೂ ಲಾಸ್. ಪ್ರೇಯರ್ ಮೀಟಿಂಗಿಗೆ ಬರೋ ಬ್ರದರ್ ಒಬ್ರು ಜ್ಞಾನೋಕ್ತಿ 3:9-10 ತೋರಿಸಿ, ಆದಾಯದಿಂದ ದೇವರನ್ನ ಗೌರವಿಸಿದ್ರೆ ಕಣಜ ತುಂಬುತ್ತೆ ಅಂತ ಇದೆ, ತುಂಬಿಲ್ಲ ಅಂದ್ರೆ ನಿಮ್ಮಲ್ಲಿ ಏನೋ ಗುಪ್ತ ಪಾಪ ಇದೆ, ವಿಶೇಷ ಕಾಣಿಕೆ ಕೊಡಿ ಅಂತಾರೆ. ಕೊಡ್ಲಾ?

ಕೊಡಬೇಡಿ. ನಮ್ಮಲ್ಲಿ ಊಟ ಬಲ್ಲವನಿಗೆ ರೋಗವಿಲ್ಲ ಅಂತ ಗಾದೆ ಇದೆ ತಾನೆ, ಹಿತಮಿತವಾಗಿ ತಿನ್ನೋ ಮನುಷ್ಯನಿಗೆ ಮಳೆಗಾಲದಲ್ಲಿ ಡೆಂಗ್ಯೂ ಬಂದ್ರೆ ನೀನು ಕದ್ದು ಏನೋ ತಿಂದಿದ್ದೀಯ ಅಂತ ಯಾರಾದ್ರೂ ಕೇಳ್ತಾರಾ? ಜ್ಞಾನೋಕ್ತಿಯೂ ಗಾದೆ ಜಾತಿದೇ, ಬದುಕು ಸಾಮಾನ್ಯವಾಗಿ ಹೇಗೆ ನಡೆಯುತ್ತೆ ಅಂತ ಹೇಳುತ್ತೆ, ನಿಮ್ಮ ಅಂಗಡಿಗೆ ಬರೆದುಕೊಟ್ಟ ಕರಾರು ಪತ್ರ ಅಲ್ಲ. 26ನೇ ಅಧ್ಯಾಯದ 4ನೇ ವಚನ ಮೂಢನಿಗೆ ಅವನ ದಾರಿಯಲ್ಲೇ ಉತ್ತರ ಕೊಡಬೇಡ ಅನ್ನುತ್ತೆ, 5ನೇದು ಕೊಡು ಅನ್ನುತ್ತೆ, ಎರಡನ್ನೂ ಪಕ್ಕಪಕ್ಕ ಇಟ್ಟವರಿಗೆ ಕಣ್ಣು ಕಾಣ್ತಿರಲಿಲ್ವಾ? ಯಾವಾಗ ಯಾವುದು ಅಂತ ನೋಡ್ಕೊಳ್ಳೋದು ನಮ್ಮ ಕೆಲಸ.

ಆ ಬ್ರದರ್ 13:23 ಯಾಕೆ ತೋರಿಸಲಿಲ್ಲ? ಬಡವರ ಹೊಲ ಬೇಕಾದಷ್ಟು ಬೆಳೆಯುತ್ತೆ, ಅನ್ಯಾಯ ಅದನ್ನ ಕೊಚ್ಕೊಂಡು ಹೋಗುತ್ತೆ ಅಂತ ಅದೇ ಪುಸ್ತಕದಲ್ಲಿದೆ. ನಷ್ಟ ಆದವರೆಲ್ಲ ಪಾಪಿಗಳು ಅನ್ನೋ ವಾದ, ಬೈಬಲಿನಲ್ಲಿ ತಪ್ಪು ಮಾಡದೇ ಎಲ್ಲಾ ಕಳ್ಕೊಂಡ ಯೋಬನ ಗೆಳೆಯರದ್ದು. ಬಂದವರು ಏಳು ದಿನ ನೆಲದ ಮೇಲೆ ಸುಮ್ಮನೆ ಕೂತಿದ್ರು, ಅಲ್ಲಿತನಕ ಚೆನ್ನಾಗೇ ಇತ್ತು, ಬಾಯಿ ಬಿಟ್ಟ ಮೇಲೆ ಕೆಟ್ಟಿದ್ದು, ನಿರಪರಾಧಿ ಯಾವಾಗಾದ್ರೂ ನಾಶ ಆಗಿದ್ದುಂಟಾ ಅಂತ ಅವರಲ್ಲೊಬ್ಬ ಎಲೀಫಜ ಶುರು ಹಚ್ಕೊಂಡ. ಕೊನೆಗೆ ಯೋಬನ ಪುಸ್ತಕದ 42:7ರಲ್ಲಿ ದೇವರ ಸಿಟ್ಟು ಬಿದ್ದಿದ್ದು ಈ ಗೆಳೆಯರ ಮೇಲೆ, ಯೋಬನ ಮೇಲಲ್ಲ.

ನಾನೂ ಈ ತಪ್ಪು ಮಾಡಿದ್ದೀನಿ, ಮುಚ್ಚಿಡಲ್ಲ. ಆಸ್ಪತ್ರೆಲಿ ಮಲಗಿದ್ದ ಒಬ್ಬರಿಗೆ ಹರ್ಷಹೃದಯ ಒಳ್ಳೇ ಔಷಧ ಅನ್ನೋ 17:22 ಓದಿದೆ, ಅವರು ಮುಖ ಗೋಡೆ ಕಡೆ ತಿರುಗಿಸಿದ್ರು. ಮನೆಗೆ ಬಂದು ನೋಡಿದ್ರೆ 25:20, ಮನಸ್ಸು ಕುಗ್ಗಿದವನ ಮುಂದೆ ಹಾಡು ಹಾಡೋದು ಚಳಿಯಲ್ಲಿ ಬಟ್ಟೆ ಕಿತ್ಕೊಂಡ ಹಾಗೆ. ಆವತ್ತಿಂದ ರೋಗಿ ಹತ್ರ ನಾನು ಬೈಬಲ್ ತೆರೆಯೋಕೆ ಮುಂಚೆ ಕೇಳ್ತೀನಿ.

ನಿಮಗೆ ಬೇಕಾಗಿರೋ ವಚನ 27:23, ನಿನ್ನ ಕುರಿಗಳ ಸ್ಥಿತಿ ಚೆನ್ನಾಗಿ ತಿಳ್ಕೋ. ನಿಮ್ಮ ಕುರಿ ಅಂದ್ರೆ ಉದ್ರಿ ಪುಸ್ತಕ. ಗ್ಯಾಸು, ಎಣ್ಣೆ, ಬಾಡಿಗೆ, ಹುಡುಗರ ಪಗಾರ ಎಲ್ಲಾ ಸೇರಿಸಿ ಒಂದು ಪ್ಲೇಟ್ ಇಡ್ಲಿಗೆ ಎಷ್ಟು ಬೀಳುತ್ತೆ ಅಂತ ಲೆಕ್ಕ ಹಾಕಿದ್ದೀರಾ? ಕಾಗದದಲ್ಲಿ ಅದೊಂದೂ ಇಲ್ಲ, ದಶಮಾಂಶದ ಲೆಕ್ಕ ಮಾತ್ರ ಪಕ್ಕಾ ಇದೆ. ಸಾಲ ಮಾಡಿ ಕಾಣಿಕೆ ಕೊಡಿ ಅನ್ನೋವನು ಬಂದ್ರೆ ಚಹಾ ಕೊಟ್ಟು ಕಳಿಸಿ, ಚಹಾದ ದುಡ್ಡು ಮಾತ್ರ ತಗೊಳ್ಳಿ.

ಇನ್ನುಳಿದ ಪ್ರಶ್ನೆಗಳು.

ಜ್ಞಾನೋಕ್ತಿನ ದಿನಕ್ಕೊಂದು ಅಧ್ಯಾಯದ ಹಾಗೆ 31 ದಿನದಲ್ಲಿ ಮುಗಿಸಬಹುದಾ? ಮುಗಿಸಬಹುದು, ಆದ್ರೆ 10ನೇ ಅಧ್ಯಾಯದಿಂದಾಚೆ ದಿನಕ್ಕೆ ಎರಡು ವಚನ ಸಾಕು, ಲೋಕಲ್ ಹಿಡಿಯೋ ಹಾಗೆ ಓಡಬೇಡಿ.

ಕಣ್ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟ ವಚನದ ಪ್ರಕಾರ ಫ್ಲಾಟ್ ಬುಕ್ ಮಾಡಬಹುದಾ? ಅದು ಗಿಳಿಶಾಸ್ತ್ರ. ಗಿಳಿಯೇ ವಾಸಿ, ಕಮ್ಮಿ ರೇಟು.

31ನೇ ಅಧ್ಯಾಯದ ಗುಣವತಿ ಹೆಂಡತಿ ಬಗ್ಗೆ ನನ್ನ ಮನೆಯವಳಿಗೆ ಹೇಗೆ ತಿಳಿಸಿ ಹೇಳೋದು? ಆ ಅಧ್ಯಾಯ ಶುರುವಾಗೋದು ಒಬ್ಬ ತಾಯಿ ತನ್ನ ಮಗನಿಗೆ ಹೇಳೋ ಬುದ್ಧಿಮಾತಿಂದ. ನೀವು ಮೊದಲು 4ನೇ ವಚನ ಓದಿ, ಕುಡಿತದ ಬಗ್ಗೆ ಇದೆ.